ಕವಿ ತೀರಿಕೊಂಡ ದಿನ ಅಂಗಡಿ ಮುಚ್ಚುವ ಊರು

ಈಗ ಟಣ್ ಅಂತ ಒಂದು ಸದ್ದು ಕೇಳಿಸಿತಲ್ಲ, ಅದು ನಾಣ್ಯದ್ದು. ಮೈಕಿನ ಮುಂದಿನ ಮೇಜಿನ ಮೇಲೆ ನಾನೇ ಹಾಕಿದೆ. ಎರಡು ಯೂರೋ ನಾಣ್ಯ. ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿ ಹೆಚ್ಚುಕಡಿಮೆ. ಹೊರಗೆ ಬೆಳ್ಳಿ ಬಣ್ಣದ ಬಳೆ, ಒಳಗೆ ಹಳದಿ ಬಿಲ್ಲೆ. ಆ ಬಿಲ್ಲೆಯ ಮೇಲೆ ಒಬ್ಬ ಮನುಷ್ಯನ ಮುಖದ ನೆರಳು.

ಯೂರೋ ನಾಣ್ಯಕ್ಕೆ ಎರಡು ಮುಖ. ಒಂದು ಮುಖ ಎಲ್ಲ ದೇಶಕ್ಕೂ ಒಂದೇ. ಇನ್ನೊಂದು ಮುಖ ಆಯಾ ದೇಶದ ಇಷ್ಟ. ಸ್ಪೇನಿನವರು ತಮ್ಮ ರಾಜನನ್ನು ಹಾಕಿಕೊಂಡರು. ಜರ್ಮನಿಯವರು ಹದ್ದನ್ನು ಹಾಕಿಕೊಂಡರು. ನನ್ನ ಕೈಯಲ್ಲಿರುವ ನಾಣ್ಯ ಸ್ಲೊವೇನಿಯ ದೇಶದ್ದು. ಅವರು ತಮ್ಮ ಅತಿ ದೊಡ್ಡ ನಾಣ್ಯದ ಮೇಲೆ ಒಬ್ಬ ಕವಿಯನ್ನು ಕೂರಿಸಿದ್ದಾರೆ. ಹೆಸರು ಫ್ರಾಂತ್ಸೆ ಪ್ರೆಶೇರೆನ್. ಹುಟ್ಟಿದ್ದು 1800ರಲ್ಲಿ. ಕಸುಬು ವಕೀಲಿ. ಬದುಕಿದ್ದಾಗ ಪ್ರಕಟವಾದದ್ದು ಒಂದೇ ಒಂದು ಕವನ ಸಂಕಲನ.

ಇವತ್ತಿನ ಈ ಮಾತುಕತೆಯಲ್ಲಿ ನಿಮ್ಮನ್ನು ಆ ಕವಿಯ ಊರಿಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಊರು ಲ್ಯುಬ್ಲ್ಯಾನ. ಸ್ಲೊವೇನಿಯದ ರಾಜಧಾನಿ. ಇಂಗ್ಲಿಷ್ ಕಾಗುಣಿತದಲ್ಲಿ ಈ ಹೆಸರು ನೋಡಿದರೆ ನಾಲಿಗೆ ಗಂಟು ಬೀಳುತ್ತದೆ. ಕನ್ನಡದಲ್ಲಿ ಬರೆದರೆ ತೊಂದರೆಯೇ ಇಲ್ಲ. ಲಕಾರಕ್ಕೆ ಯಕಾರದ ಒತ್ತು ಕೊಟ್ಟರೆ ಮುಗಿಯಿತು.

ಊರಿನ ಜನಸಂಖ್ಯೆ ಸುಮಾರು 3 ಲಕ್ಷ. ಇಡೀ ದೇಶದ್ದೇ 21 ಲಕ್ಷ. ವಿಸ್ತೀರ್ಣದಲ್ಲಿ ದೇಶ ನಮ್ಮ ಕರ್ನಾಟಕದ ಹತ್ತರಲ್ಲಿ ಒಂದು ಪಾಲು. ಹಿರಿಯ ಕೇಳುಗರಿಗೆ ಯುಗೋಸ್ಲಾವಿಯ ಅಂದರೆ ನೆನಪಾಗಬಹುದು. ನೆಹರೂ, ನಾಸರ್, ಟಿಟೊ ಅಂತ ಮೂವರ ಹೆಸರು ಒಟ್ಟಿಗೆ ಕೇಳುತ್ತಿದ್ದ ಕಾಲ. ಆ ಯುಗೋಸ್ಲಾವಿಯದ ಉತ್ತರದ ತುದಿಯೇ ಇದು. 1991ರ ಜೂನ್‌ನಲ್ಲಿ ಬೇರೆಯಾಯಿತು. ಹತ್ತು ದಿನ ಯುದ್ಧ ನಡೆಯಿತು. ಆಮೇಲೆ ಸ್ವತಂತ್ರ ದೇಶ.

ನನ್ನ ಮಗಳು, ಅಳಿಯ ಮ್ಯೂನಿಕ್‌ನಲ್ಲಿದ್ದಾರೆ. ನಾನೂ ನನ್ನಾಕೆಯೂ ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದೆವು. "ಅಪ್ಪ, ಪ್ಯಾರಿಸ್ ಎಲ್ಲರೂ ನೋಡ್ತಾರೆ. ನೀವು ಕನ್ನಡ ಮೇಷ್ಟ್ರು. ನೀವು ನೋಡಬೇಕಾದ ಊರು ಬೇರೆ ಇದೆ" ಅಂದಳು ಮಗಳು. ಫೆಬ್ರವರಿ ಮೊದಲ ವಾರ. ಶುಕ್ರವಾರ ಬೆಳಗಿನ ಜಾವ ನಮ್ಮಿಬ್ಬರನ್ನು ಬಸ್ಸು ಹತ್ತಿಸಿದಳು. ಸುಮಾರು ಆರು ಗಂಟೆಯ ದಾರಿ. ಆಸ್ಟ್ರಿಯ ದಾಟುವಷ್ಟು ಹೊತ್ತೂ ಹಿಮದ ಬೆಟ್ಟಗಳು. ಗಡಿಯಲ್ಲಿ 8 ಕಿಲೋಮೀಟರ್‌ಗೆ ಸಮೀಪದ ಒಂದು ಸುರಂಗ. ಒಳಗೆ ಹೋಗುವಾಗ ಆಸ್ಟ್ರಿಯ, ಹೊರಗೆ ಬರುವಾಗ ಸ್ಲೊವೇನಿಯ. ಮಧ್ಯಾಹ್ನದ ಹೊತ್ತಿಗೆ ಲ್ಯುಬ್ಲ್ಯಾನ ಸೇರಿದೆವು.

ಊರಿಗೆ ಬಂದು ಇಳಿದಾಯಿತು. ಈಗ ಊರು ಹೇಗಿದೆ ಅಂತ ಹೇಳಬೇಕು. ಕಣ್ಣು ಮುಚ್ಚಿಕೊಂಡು ಕೇಳಿ.

ಒಂದು ಗುಡ್ಡ. ಗುಡ್ಡದ ತಲೆಯ ಮೇಲೆ ಕೋಟೆ. ಗುಡ್ಡದ ಬುಡವನ್ನು ಬಳಸಿಕೊಂಡು ಒಂದು ಸಣ್ಣ ಹೊಳೆ. ಹಸಿರು ನೀರು, ಅವಸರವಿಲ್ಲ. ಹೊಳೆಯ ಈಚೆಗೂ ಆಚೆಗೂ ಊರು. ಇಷ್ಟೇ. ರಾಜಧಾನಿ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಗದ್ದಲ ಇಲ್ಲಿಲ್ಲ. ನಡುಪೇಟೆಗೆ ಕಾರು ಬಿಡುವುದನ್ನು 2007ರಿಂದ ಹಂತಹಂತವಾಗಿ ನಿಲ್ಲಿಸಿಬಿಟ್ಟಿದ್ದಾರೆ. ಕಾಲು ನೋಯುವ ವಯಸ್ಸಾದವರಿಗೆ ಬ್ಯಾಟರಿಯ ಸಣ್ಣ ಗಾಡಿಗಳಿವೆ. ಕೈ ತೋರಿಸಿದರೆ ನಿಲ್ಲುತ್ತವೆ. ದುಡ್ಡಿಲ್ಲ. ನಾವು ಎರಡು ಸಲ ಹತ್ತಿದೆವು. ಎರಡನೆಯ ಸಲ ಕಾಲು ನೋವಿರಲಿಲ್ಲ, ಚಪಲ ಅಷ್ಟೆ.

ಬೀದಿಯ ಇಕ್ಕೆಲದ ಮನೆಗಳು ಬಹಳ ಹಳೆಯವಲ್ಲ. 1895ರ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬದ ರಾತ್ರಿ, ಇಲ್ಲಿ ಭೂಕಂಪವಾಯಿತು. ಎಷ್ಟೋ ಕಟ್ಟಡಗಳನ್ನು ಕೆಡವಬೇಕಾಯಿತು. ಆಮೇಲೆ ಕಟ್ಟಿದ್ದೇ ಈಗ ಕಾಣುವ ಹೂಬಳ್ಳಿ ಕೆತ್ತನೆಯ ಮನೆಗಳು. 1901ರಲ್ಲಿ ಕಾಂಕ್ರೀಟಿನ ಸೇತುವೆಯೊಂದನ್ನು ಕಟ್ಟಿ ಅದರ ನಾಲ್ಕು ಮೂಲೆಗೆ ನಾಲ್ಕು ದೊಡ್ಡ ರೆಕ್ಕೆಯ ಹಾವುಗಳನ್ನು ಕೂರಿಸಿದರು. ನಾವು ಡ್ರ್ಯಾಗನ್ ಅನ್ನುತ್ತೇವಲ್ಲ, ಅದು. ಎಲ್ಲ ಪ್ರವಾಸಿಗಳೂ ಅದರ ಬಾಲ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಅದರ ಬಗ್ಗೆ ಇನ್ನು ಹೇಳುವುದೇನಿಲ್ಲ.

ಆ ಶುಕ್ರವಾರ ಸಂಜೆ ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಹೊಳೆಯ ದಂಡೆಯಲ್ಲಿ ಊರಿನ ಮಾರುಕಟ್ಟೆ. ಮರದ ತೊಟ್ಟಿಯಲ್ಲಿ ಹುಳಿ ಬರಿಸಿದ ಎಲೆಕೋಸು, ರಾಶಿ ರಾಶಿ ಬಣ್ಣದ ಅವರೆಯಂಥ ಕಾಳು, ಸೇಬು, ಅಕ್ರೋಟು, ಜೇನು. ನನ್ನಾಕೆ ಅಕ್ರೋಟು ಕೊಂಡಳು, ಜೇನು ಕೊಂಡಳು. ಹಾಲು, ಬ್ರೆಡ್ಡು ಕೊಳ್ಳಲಿಲ್ಲ. "ನಾಳೆ ಬೆಳಗ್ಗೆ ತಾಜಾ ಸಿಗುತ್ತೆ ಬಿಡು" ಅಂದವನು ನಾನೇ.

ಮಾರನೆಯ ದಿನ ಶನಿವಾರ, ಫೆಬ್ರವರಿ 8. ಎಂಟು ಗಂಟೆಗೆ ಚೀಲ ಹಿಡಿದು ಬೀದಿಗಿಳಿದೆ. ಒಂದು ಅಂಗಡಿ, ಬಾಗಿಲು ಹಾಕಿದೆ. ಇನ್ನೊಂದು, ಅದೂ ಹಾಕಿದೆ. ಮೂರನೆಯದರ ಗಾಜಿನ ಮೇಲೆ ಒಂದು ಚೀಟಿ. ಓದಲು ಬರಲಿಲ್ಲ, ಆದರೆ ಒಂದು ಹೆಸರು ಗುರುತು ಸಿಕ್ಕಿತು. ಪ್ರೆಶೇರೆನ್. 1849ರ ಫೆಬ್ರವರಿ 8ರಂದು ಕವಿ ತೀರಿಕೊಂಡ. ಆ ದಿನ ಸ್ಲೊವೇನಿಯದಲ್ಲಿ ಸಂಸ್ಕೃತಿಯ ಹಬ್ಬ. ಸರಕಾರಿ ರಜೆ. ರಜೆ ದಿನ ಅಂಗಡಿ ಮುಚ್ಚಬೇಕು ಅಂತ ಅಲ್ಲಿ ಕಾನೂನು. ಭಾನುವಾರಕ್ಕೂ ಅದೇ ಕಾನೂನು. ಅಂದರೆ ಎರಡು ದಿನವೂ ಹಾಲಿಲ್ಲ.

ನಾವು ಮನೆಯಿಂದ ಕಾಫಿಪುಡಿ, ಫಿಲ್ಟರ್ ಎರಡನ್ನೂ ಕಟ್ಟಿಕೊಂಡು ಹೋಗುವ ಜಾತಿ. ಡಿಕಾಕ್ಷನ್ ಇಳಿದು ಕೂತಿತ್ತು. "ರೀ, ಕವಿಗೆ ನಮಸ್ಕಾರ ಹೇಳಿ, ಕಾಫಿಗೇನು ಮಾಡ್ತೀರಿ ಅದನ್ನೂ ಹೇಳಿ" ಅಂದಳು ನನ್ನಾಕೆ. ಕೊನೆಗೆ ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ, ಕೆಳಗಿನ ಮಹಡಿಯ ಮುದುಕಮ್ಮ, ಅರ್ಧ ಬಾಟಲಿ ಹಾಲು ಕೊಟ್ಟರು. ಜೊತೆಗೆ ಅಕ್ರೋಟಿನ ಹೂರಣ ಸುತ್ತಿದ ಒಂದು ತುಂಡು ಸಿಹಿರೊಟ್ಟಿ. ಪೋತಿತ್ಸ ಅಂತ ಅದರ ಹೆಸರು. ಹಬ್ಬಕ್ಕೆ ನಮ್ಮಲ್ಲಿ ಹೋಳಿಗೆ ಹೇಗೋ, ಅವರಿಗೆ ಪೋತಿತ್ಸ ಹಾಗೆ.

ಆ ಹಾಲಿನ ಜೊತೆ ಒಂದು ವ್ಯಾಕರಣ ಪಾಠವೂ ಸಿಕ್ಕಿತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಮಟ್ಟಿಗೆ ಇಡೀ ಪ್ರವಾಸದ ಗಳಿಕೆ ಅದೇ.

ಪುಸ್ತಕದಿಂದ ಕಲಿತ ಒಂದೆರಡು ಮಾತು ಆಡಲು ಹೋದೆ. 'ಮಿ' ಅಂದೆ. 'ಮಿ' ಅಂದರೆ ನಾವು. ನಾವು ಚೌಕಕ್ಕೆ ಹೋಗುತ್ತೇವೆ ಅಂತ ಹೇಳಲು ಹೊರಟಿದ್ದೆ. ಆಕೆ ತಡೆದರು. ನನ್ನನ್ನು ತೋರಿಸಿದರು, ನನ್ನಾಕೆಯನ್ನು ತೋರಿಸಿದರು, ಎರಡು ಬೆರಳೆತ್ತಿದರು. "ಮಿದ್ವ" ಅಂದರು. "ಮಿದ್ವ ಗ್ರೇವ." ಇಬ್ಬರಿದ್ದರೆ 'ಮಿ' ಅನ್ನುವ ಹಾಗಿಲ್ಲ, 'ಮಿದ್ವ' ಅನ್ನಬೇಕು. ಕ್ರಿಯಾಪದವೂ ಬದಲಾಗಬೇಕು. ಅಂದರೆ ಕೇಳುಗರೇ, ಈ ಭಾಷೆಯಲ್ಲಿ ದ್ವಿವಚನ ಇದೆ!

ಏಕವಚನ, ದ್ವಿವಚನ, ಬಹುವಚನ. ಸಂಸ್ಕೃತ ಪಾಠದಲ್ಲಿ ಬಾಯಿಪಾಠ ಮಾಡಿದವರಿಗೆ ನೆನಪಿರುತ್ತದೆ. ನಮ್ಮ ಕನ್ನಡಕ್ಕೆ ಏಕ, ಬಹು ಎರಡೇ ಸಾಕು. ಇಬ್ಬರು ಅಂತ ಹೇಳಬೇಕಿದ್ದರೆ 'ನಾವಿಬ್ಬರು' ಅಂತ ಬಿಡಿಸಿ ಹೇಳುತ್ತೇವೆ. ಯುರೋಪಿನ ಬಹುತೇಕ ಭಾಷೆಗಳು ದ್ವಿವಚನವನ್ನು ಎಂದೋ ಬಿಟ್ಟವು. ಸ್ಲೊವೀನ್ ಇಟ್ಟುಕೊಂಡಿದೆ. ಸಂಸ್ಕೃತದಲ್ಲಿ ನಾವಿಬ್ಬರು ಹೋಗುತ್ತೇವೆ ಅನ್ನಲು 'ಆವಾಂ ಗಚ್ಛಾವಃ'. ಸ್ಲೊವೀನ್‌ನಲ್ಲಿ 'ಮಿದ್ವ ಗ್ರೇವ'. ಕೊನೆಯ ಆ 'ವ' ಎರಡೂ ಕಡೆ ಇದೆ. ಆಕಸ್ಮಿಕ ಅಲ್ಲ. ಎರಡೂ ಒಂದೇ ಭಾಷಾಕುಟುಂಬದ ದೂರದ ನೆಂಟರು. ಎರಡಕ್ಕೆ 'ದ್ವ', ಮೂರಕ್ಕೆ 'ತ್ರಿ' ಅನ್ನುತ್ತಾರೆ. ನಾನು ಬೆರಳು ಮಡಿಸುತ್ತ ಸಂಸ್ಕೃತದಲ್ಲಿ ಎಣಿಸಿದೆ, ಆಕೆ ತಮ್ಮ ಭಾಷೆಯಲ್ಲಿ ಎಣಿಸಿದರು. ಹತ್ತರ ತನಕ ಹೋದೆವು. ಅಷ್ಟರಲ್ಲಿ ಕಾಫಿ ಆರಿತು.

ಹಾಲು ಸಿಕ್ಕಿತು, ದ್ವಿವಚನ ಸಿಕ್ಕಿತು. ಇನ್ನು ಕವಿಯ ಹತ್ತಿರ ಹೋಗೋಣ.

ಊರಿನ ನಟ್ಟನಡುವೆ ಒಂದು ಚೌಕ. ಒಂದು ಕಡೆ ಕೆಂಪು ಬಣ್ಣದ ಇಗರ್ಜಿ, ಎದುರಿಗೆ ಹೊಳೆ. ಚೌಕದ ಒಂದು ಬದಿಗೆ ಎತ್ತರದ ಪೀಠದ ಮೇಲೆ ಕಂಚಿನ ಪ್ರೆಶೇರೆನ್ ನಿಂತಿದ್ದಾನೆ. 1905ರಲ್ಲಿ ನಿಲ್ಲಿಸಿದ್ದು. ಅವನ ತಲೆಯ ಮೇಲೆ ಒಬ್ಬ ಕಾವ್ಯದೇವತೆ ಕೂತಿದ್ದಾಳೆ. ಮೈಮೇಲೆ ಬಟ್ಟೆ ಅಷ್ಟಕ್ಕಷ್ಟೆ. ಎದುರಿಗೇ ಇಗರ್ಜಿ! ಆ ಕಾಲದಲ್ಲಿ ಇದು ದೊಡ್ಡ ಗಲಾಟೆಯಾಯಿತು. ಇಗರ್ಜಿಯಿಂದ ಹೊರಬರುವವರ ಕಣ್ಣಿಗೆ ಬೀಳದಿರಲಿ ಅಂತ ನಡುವೆ ಮರ ನೆಟ್ಟರು.

ಪ್ರತಿಮೆಯ ಮುಖದ ಬಗ್ಗೆ ಒಂದು ಮಾತು. ಪ್ರೆಶೇರೆನ್ ಬದುಕಿದ್ದಾಗ ಅವನ ಚಿತ್ರ ಯಾರೂ ಬರೆದಿರಲಿಲ್ಲ. ಸತ್ತ ಮರುವರ್ಷ ಒಬ್ಬ ಚಿತ್ರಕಾರ ನೆನಪಿನಿಂದ ಬರೆದ. ಈ ಪ್ರತಿಮೆಗೂ, ನನ್ನ ಕೈಯಲ್ಲಿರುವ ನಾಣ್ಯಕ್ಕೂ ಮೂಲ ಆ ನೆನಪೇ. ಪಂಪ, ಕುಮಾರವ್ಯಾಸರ ಮುಖವನ್ನು ನಾವು ಊಹಿಸಿಕೊಂಡಿಲ್ಲವೇ, ಹಾಗೆ.

ಕಂಚಿನ ಕವಿ ಎತ್ತ ನೋಡುತ್ತಿದ್ದಾನೆ? ಚೌಕದ ಆಚೆ ಬೀದಿಯಲ್ಲಿ ಒಂದು ಹಳದಿ ಗೋಡೆಯ ಮನೆ. ಗೋಡೆಯಲ್ಲಿ ಕಿಟಕಿಯಂತೆ ಒಂದು ಚೌಕಟ್ಟು. ಅದರೊಳಗಿಂದ ಒಬ್ಬ ಹೆಣ್ಣುಮಗಳ ಶಿಲ್ಪ ಇಣುಕುತ್ತದೆ. ಅವಳು ಯೂಲಿಯಾ ಪ್ರಿಮಿತ್ಸ್. ಸಾಹುಕಾರರ ಮಗಳು. ಪ್ರೆಶೇರೆನ್ ಅವಳನ್ನು 1833ರಲ್ಲಿ ಇಗರ್ಜಿಯೊಂದರಲ್ಲಿ ಕಂಡ, ಮನಸೋತ. ಅವಳು ಇವನ ಕಡೆ ತಿರುಗಿ ನೋಡಲಿಲ್ಲ. ಮುಂದೆ ಬೇರೊಬ್ಬನನ್ನು ಮದುವೆಯಾದಳು.

ಆದರೆ ಆ ಸೋಲಿನಲ್ಲಿ ಇವನು ಮಾಡಿದ ಕೆಲಸ ನೋಡಿ. ಹದಿನಾಲ್ಕು ಸಾಲಿನ ಪದ್ಯಕ್ಕೆ ನಾವು ಸುನೀತ ಅನ್ನುತ್ತೇವೆ. ಅಂಥ ಹದಿನೈದು ಸುನೀತಗಳ ಒಂದು ಮಾಲೆ ಕಟ್ಟಿದ. ಒಂದು ಸುನೀತದ ಕೊನೆಯ ಸಾಲೇ ಮುಂದಿನದರ ಮೊದಲ ಸಾಲು. ನಮ್ಮಲ್ಲಿ ಮುಕ್ತಪದಗ್ರಸ್ತ ಅನ್ನುವ ಅಲಂಕಾರವಿದೆಯಲ್ಲ, ಬಿಟ್ಟ ಪದವನ್ನೇ ಮತ್ತೆ ಹಿಡಿದು ಮುಂದೆ ಹೋಗುವುದು, ಅದರ ಜಾತಿ. ಹೀಗೆ ಹದಿನಾಲ್ಕು ಮುಗಿದ ಮೇಲೆ, ಆ ಹದಿನಾಲ್ಕರ ಮೊದಲ ಸಾಲುಗಳನ್ನೆಲ್ಲ ಜೋಡಿಸಿದರೆ ಹದಿನೈದನೆಯ ಸುನೀತ. ಅದರ ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಗೆ ಓದಿದರೆ, 'ಪ್ರಿಮಿತ್ಸ್ ಯೂಲಿಯಾಗೆ' ಅಂತ ಬರುತ್ತದೆ. 1834ರಲ್ಲಿ ಅಚ್ಚಾಯಿತು. ಊರೆಲ್ಲ ಓದಿತು. ಹುಡುಗಿಯ ಮನೆಯವರಿಗೆ ಮುಖ ಎತ್ತುವ ಹಾಗಿರಲಿಲ್ಲ. ಚಿತ್ರಕವಿತ್ವದ ಚಟ ಇದ್ದ ನಮ್ಮ ಹಳಗನ್ನಡ ಕವಿಗಳು ಇದನ್ನು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಹುಡುಗಿಯ ಪಾಡು ಏನು ಅಂತ ಕೇಳುತ್ತಿದ್ದರೋ ಇಲ್ಲವೋ ಕಾಣೆ. ನನಗೆ ಮಾತ್ರ ಆ ಗೋಡೆಯ ಕಿಟಕಿಯಲ್ಲಿ ಅವಳನ್ನು ಇವತ್ತಿಗೂ ಕೂರಿಸಿರುವುದು ಅಷ್ಟು ಸರಿ ಕಾಣಲಿಲ್ಲ. ಬೇಡ ಅಂದವಳು ಅವಳು.

ಶನಿವಾರ ಚೌಕದಲ್ಲಿ ಜನ. ಪ್ರತಿವರ್ಷ ಈ ದಿನ ನಾಟಕದ ನಟನಟಿಯರು ಪ್ರತಿಮೆಯ ಬಳಿ ನಿಂತು ಪ್ರೆಶೇರೆನ್ನನ ಕವಿತೆ ಹೇಳುತ್ತಾರೆ. ಕೊರೆಯುವ ಚಳಿ. ಉಸಿರು ಬಿಟ್ಟರೆ ಹೊಗೆ. ಮಫ್ಲರ್ ಸುತ್ತಿಕೊಂಡ ಮುದುಕರು, ಹೆಗಲ ಮೇಲೆ ಮಗು ಕೂರಿಸಿಕೊಂಡ ಅಪ್ಪಂದಿರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಲಯ ಕೇಳುತ್ತಿತ್ತು. ಒಂದು ಕಡೆ ನಟ ಸಾಲು ಶುರು ಮಾಡಿದ, ನನ್ನ ಪಕ್ಕದ ಅಜ್ಜ ತುಟಿಯಲ್ಲೇ ಅದನ್ನು ಮುಗಿಸಿದ. ನಟನಿಗಿಂತ ಅರ್ಧ ಕ್ಷಣ ಮುಂಚೆ.

ಕವಿ, ಅವನ ಪ್ರೇಮ, ಅವನ ಚೌಕ, ಇಷ್ಟಾಯಿತು. ಆದರೆ ಒಂದು ಪ್ರಶ್ನೆ ಉಳಿಯಿತು. ಪ್ರೇಮದಲ್ಲಿ ಸೋತ ಕವಿಗಳು ಎಲ್ಲ ದೇಶದಲ್ಲೂ ಇದ್ದಾರೆ. ಒಂದು ದೇಶ ಅವನನ್ನೇ ಹಿಡಿದುಕೊಂಡು ನಿಲ್ಲುವುದೇಕೆ?

ಉತ್ತರ ಭಾಷೆಯಲ್ಲಿದೆ. ಪ್ರೆಶೇರೆನ್ನನ ಕಾಲಕ್ಕೆ ಸ್ಲೊವೇನಿಯ ಅನ್ನುವ ದೇಶವೇ ಇರಲಿಲ್ಲ. ನೂರಾರು ವರ್ಷದಿಂದ ಆಸ್ಟ್ರಿಯದ ದೊರೆಗಳ ಆಳ್ವಿಕೆ. ಕಚೇರಿಯ ಮಾತು ಜರ್ಮನ್. ಓದಿದವರ ಮನೆಮಾತೂ ಜರ್ಮನ್. ಸ್ಲೊವೀನ್ ಅಂದರೆ ಹಳ್ಳಿಯವರ, ಕೆಲಸದವರ ಮಾತು. ಆ ಭಾಷೆಯಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1550ರಲ್ಲಿ, ಅದೂ ಜರ್ಮನಿಯಲ್ಲಿ. ಪ್ರಿಮೋಜ್ ತ್ರೂಬಾರ್ ಅನ್ನುವ ಪ್ರೊಟೆಸ್ಟೆಂಟ್ ಪಾದ್ರಿ ಬರೆದದ್ದು. ಒಂದು ಧರ್ಮದ ಪ್ರಶ್ನೋತ್ತರ, ಒಂದು ಅಕ್ಷರಮಾಲೆ. ಮುಂದೆ ಕ್ಯಾಥೊಲಿಕ್ ಅಧಿಕಾರ ಬಲವಾದಾಗ ಇಂಥ ಪುಸ್ತಕಗಳನ್ನು ಇದೇ ಲ್ಯುಬ್ಲ್ಯಾನದಲ್ಲಿ ರಾಶಿ ಹಾಕಿ ಸುಟ್ಟರು. ಈಗ ಆ ತ್ರೂಬಾರ್ ಒಂದು ಯೂರೋ ನಾಣ್ಯದ ಮೇಲಿದ್ದಾನೆ.

ಪ್ರೆಶೇರೆನ್ ಜರ್ಮನ್ ಚೆನ್ನಾಗಿ ಬಲ್ಲವನು. ಜರ್ಮನ್‌ನಲ್ಲೂ ಕವಿತೆ ಬರೆದ. ಆಗ ಇನ್ನೊಂದು ಒತ್ತಾಯವೂ ಇತ್ತು. ನಾವು ಸ್ಲಾವ್ ಜನ ಚೂರುಚೂರಾಗಿದ್ದೇವೆ, ದಕ್ಷಿಣದವರೆಲ್ಲ ಸೇರಿ ಒಂದೇ ಭಾಷೆಯಲ್ಲಿ ಬರೆಯೋಣ ಅಂತ. ಅವನ ಗೆಳೆಯನೊಬ್ಬ ಹಾಗೆ ಹೋದ. ಇವನು ಹೋಗಲಿಲ್ಲ. ಹಳ್ಳಿಯವರ ಮಾತು ಅಂತ ಜನ ಮೂಗು ಮುರಿಯುತ್ತಿದ್ದ ಭಾಷೆಯಲ್ಲಿ, ಇಟಲಿಯ ಕಟ್ಟುನಿಟ್ಟಾದ ಸುನೀತವನ್ನು ಕೂರಿಸಿ ತೋರಿಸಿದ. ಈ ಭಾಷೆಗೆ ಆಗದ್ದು ಯಾವುದೂ ಇಲ್ಲ ಅಂತ ಸಾಬೀತು ಮಾಡಿದ. ನವೋದಯದ ಕನ್ನಡ ಕವಿಗಳು ಮಾಡಿದ್ದೂ ಇದೇ ಕೆಲಸ ತಾನೇ?

ಅವನ ಒಂದು ಪದ್ಯದ ಏಳನೆಯ ಚರಣ ಇವತ್ತು ಆ ದೇಶದ ರಾಷ್ಟ್ರಗೀತೆ. ಪದ್ಯ ಎಂಥದು ಗೊತ್ತೇ? ಗೆಳೆಯರು ಗುಂಡು ಹಾಕುವಾಗ ಬಟ್ಟಲೆತ್ತಿ ಹಾರೈಸುವ ಪದ್ಯ. ಸಾಲುಗಳನ್ನು ಅಚ್ಚಿನಲ್ಲಿ ನೋಡಿದರೆ ಚರಣದ ಆಕಾರವೇ ಮದ್ಯದ ಬಟ್ಟಲಿನ ಹಾಗೆ. 1844ರಲ್ಲಿ ಬರೆದ ಅದನ್ನು ಆಸ್ಟ್ರಿಯದ ಸೆನ್ಸಾರು ತಡೆದಿತ್ತು. 1848ರಲ್ಲಿ ಸೆನ್ಸಾರು ಬಿದ್ದುಹೋದ ಮೇಲೆ ಅಚ್ಚಾಯಿತು. ಆ ಏಳನೆಯ ಚರಣದಲ್ಲಿ ತನ್ನ ದೇಶದ ಗುಣಗಾನ ಇಲ್ಲ. ಎಲ್ಲ ಜನಾಂಗಗಳಿಗೂ ಒಳ್ಳೆಯದಾಗಲಿ, ನೆರೆಯವನು ಕಾಟ ಕೊಡುವವನಾಗದೆ ಗೆಳೆಯನಾಗಲಿ ಅನ್ನುವ ಹಾರೈಕೆ ಇದೆ.

ಕವಿ ಕಟ್ಟಿದ್ದನ್ನು ನೋಡಿದೆವು. ಇನ್ನು ಅದೇ ಊರಿಗೆ ಕಲ್ಲಿನಲ್ಲಿ ಕಟ್ಟಿದವನು ಒಬ್ಬನಿದ್ದಾನೆ. ಅವನನ್ನು ಬಿಟ್ಟರೆ ಲ್ಯುಬ್ಲ್ಯಾನ ಅರ್ಧವೇ.

ಅವನು ಯೋಜೆ ಪ್ಲೆಚ್ನಿಕ್. 1872ರಲ್ಲಿ ಇದೇ ಊರಿನಲ್ಲಿ ಹುಟ್ಟಿದ. ವಿಯೆನ್ನಾದಲ್ಲಿ ಕಲಿತ. ಪ್ರಾಗ್‌ನ ಕೋಟೆಯನ್ನು ನವೀಕರಿಸಿದ. ಮೊದಲ ಮಹಾಯುದ್ಧ ಮುಗಿದು ಆಸ್ಟ್ರಿಯದ ಸಾಮ್ರಾಜ್ಯ ಒಡೆಯಿತು. 1919ರಲ್ಲಿ ಲ್ಯುಬ್ಲ್ಯಾನಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂತು. ಪಾಠ ಮಾಡಲು ಇವನು 1921ರಲ್ಲಿ ಊರಿಗೆ ಮರಳಿದ. ಮುಂದಿನ ಮೂವತ್ತು ಚಿಲ್ಲರೆ ವರ್ಷ ಊರನ್ನು ತಿದ್ದಿದ. ಹಳೆಯದನ್ನು ಕೆಡವಲಿಲ್ಲ. ಚೌಕದ ಎದುರು ಒಂದು ಹಳೆಯ ಕಲ್ಲು ಸೇತುವೆ ಇತ್ತು, ಇಕ್ಕಟ್ಟಾಗಿತ್ತು. ಬೇರೆಯವರಾದರೆ ಒಡೆದು ಅಗಲದ್ದು ಕಟ್ಟುತ್ತಿದ್ದರು. ಇವನು ಅದನ್ನು ಹಾಗೇ ಬಿಟ್ಟು, ಎಡಕ್ಕೊಂದು ಬಲಕ್ಕೊಂದು ನಡೆಯುವವರ ಸೇತುವೆ ಸೇರಿಸಿದ. ಒಂದೇ ಹೊಳೆಗೆ, ಒಂದೇ ಜಾಗದಲ್ಲಿ ಮೂರು ಸೇತುವೆ. ಅಂಗೈಯಿಂದ ಬೆರಳು ಬಿಚ್ಚಿದ ಹಾಗೆ. ನಾನು ಹೇಳಿದ ಮಾರುಕಟ್ಟೆಯ ಕಂಬಸಾಲೂ ಅವನದೇ. 2021ರಲ್ಲಿ ಅವನ ಲ್ಯುಬ್ಲ್ಯಾನದ ಕೆಲಸವನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅವನ ಕೆಲಸದಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ರಾಷ್ಟ್ರೀಯ ಗ್ರಂಥಾಲಯ. ನಾವು ಶುಕ್ರವಾರ ಸಂಜೆಯೇ ಹೋಗಿ ಬಂದಿದ್ದೆವು. ಹೊರಗೋಡೆ ಕೆಂಪು ಇಟ್ಟಿಗೆ. ನಡುನಡುವೆ ಒರಟು ಬೂದುಗಲ್ಲುಗಳು ಹೊರಕ್ಕೆ ಚಾಚಿವೆ. ಕೈಯಾಡಿಸಿದರೆ ತರಚುತ್ತದೆ. ಬಾಗಿಲ ಹಿಡಿ ತಾಮ್ರದ ಬಣ್ಣದ ಕುದುರೆಯ ತಲೆ. ಎಷ್ಟು ಕೈ ಹಿಡಿದಿವೆಯೋ, ಕುದುರೆಯ ಕತ್ತು ನುಣುಪಾಗಿ ಹೊಳೆಯುತ್ತದೆ. ಒಳಗೆ ಹೋದರೆ ಕತ್ತಲು. ಎದುರಿಗೆ ನೇರ ಏರುವ ಮೆಟ್ಟಿಲ ಸಾಲು. ಎರಡೂ ಕಡೆ ಕರಿಯ ಕಲ್ಲಿನ ಕಂಬಗಳು, ಎಲ್ಲ ಸೇರಿ 32. ನಮ್ಮ ಹೊಯ್ಸಳರ ಗುಡಿಯ ನವರಂಗಕ್ಕೆ ಬಿಸಿಲಿನಿಂದ ಕಾಲಿಟ್ಟಾಗ ಕಣ್ಣು ಕತ್ತಲಾಗುತ್ತದಲ್ಲ, ಹಾಗಾಯಿತು. ಮೇಲೇರಿದ ಹಾಗೆ ಬೆಳಕು ಹೆಚ್ಚುತ್ತದೆ. ಕೊನೆಗೆ ಓದುವ ಮನೆ. ಎರಡು ತುದಿಗೂ ಮಹಡಿಯೆತ್ತರದ ಕಿಟಕಿ. ಕತ್ತಲಿನಿಂದ ಬೆಳಕಿಗೆ ಅನ್ನುವುದನ್ನು ಆತ ಮೆಟ್ಟಿಲಿನಲ್ಲಿ ಬರೆದಿದ್ದಾನೆ. ಓದುವ ಮನೆಯೊಳಗೆ ಪ್ರವಾಸಿಗಳನ್ನು ಎಲ್ಲ ಹೊತ್ತಿನಲ್ಲೂ ಬಿಡುವುದಿಲ್ಲ. ವಿದ್ಯಾರ್ಥಿಗಳು ಓದುತ್ತಿರುತ್ತಾರೆ. ನಾವು ಬಾಗಿಲಿನಿಂದಲೇ ಇಣುಕಿದೆವು. ಒಬ್ಬ ಹುಡುಗ ಪುಸ್ತಕದ ಮೇಲೆ ತಲೆಯಿಟ್ಟು ಗಾಢವಾಗಿ ನಿದ್ದೆ ಮಾಡುತ್ತಿದ್ದ. ಬಹಳ ಸಂತೋಷವಾಯಿತು. ನಮ್ಮ ಕಾಲೇಜಿನ ಹಾಗೇ ಇದೆ.

ಈ ಕಟ್ಟಡ ಪೂರ್ತಿಯಾದದ್ದು 1941ರಲ್ಲಿ. ಅದೇ ವರ್ಷ ಊರು ಪರರ ಕೈಗೆ ಹೋಯಿತು.

ಕವಿಯ ಭಾಷೆ ನೋಡಿದೆವು, ಪ್ಲೆಚ್ನಿಕ್ಕನ ಕಲ್ಲು ನೋಡಿದೆವು. ಈ ಭಾಷೆಗೆ ಬಂದ ಕಷ್ಟದ ಕಾಲವನ್ನೂ ಹೇಳಬೇಕು. ಅದರಲ್ಲಿ ರೇಡಿಯೋದ ಒಂದು ಕಥೆ ಇದೆ. ನಿಮಗೆ ಹೇಳದೆ ಇರಲಾರೆ.

1941ರ ಏಪ್ರಿಲ್‌ನಲ್ಲಿ ಮುಸೊಲಿನಿಯ ಇಟಲಿ ಲ್ಯುಬ್ಲ್ಯಾನವನ್ನು ಹಿಡಿಯಿತು. ಆಗ ಊರಿನೊಳಗೇ ಗುಟ್ಟಾಗಿ ಒಂದು ರೇಡಿಯೋ ಹುಟ್ಟಿತು. ಹೆಸರು ಕ್ರಿಚಾಚ್. ಅಂದರೆ ಅರಚುವವನು. ಸ್ಲೊವೀನ್ ಭಾಷೆಯಲ್ಲಿ ಸುದ್ದಿ ಹೇಳುತ್ತಿತ್ತು. ಪ್ರಸಾರದ ಯಂತ್ರವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತಿದ್ದರು. ಸೈನಿಕರು ಹುಡುಕಿಕೊಂಡು ಬರುವಷ್ಟರಲ್ಲಿ ಅರಚುವವನು ಇನ್ನೊಂದು ಬೀದಿಯಲ್ಲಿ. ಕೊನೆಗೆ ಇಟಲಿಯವರು ಬೇರೆ ದಾರಿ ಹಿಡಿದರು. ಮಾತಾಡುವವನು ಸಿಗದಿದ್ದರೆ ಕೇಳುವವರನ್ನೇ ಕಟ್ಟಿಹಾಕುವುದು. ಮನೆಮನೆಯ ಮಾಳಿಗೆಯಿಂದ ಏರಿಯಲ್ ಕೀಳಿಸಿದರು. ಸುಮಾರು ಐದು ತಿಂಗಳು ನಡೆದ ರೇಡಿಯೋ 1942ರ ಏಪ್ರಿಲ್‌ನಲ್ಲಿ ನಿಂತಿತು.

ಅಷ್ಟರಲ್ಲಿ ಇನ್ನೊಂದು ಕೆಲಸ ಆಗಿತ್ತು. 1942ರ ಫೆಬ್ರವರಿಯಲ್ಲಿ ಇಡೀ ಊರಿನ ಸುತ್ತ ಮುಳ್ಳುತಂತಿಯ ಬೇಲಿ ಹಾಕಿದರು. ಉದ್ದ 30 ಕಿಲೋಮೀಟರ್‌ಗೂ ಹೆಚ್ಚು. ಒಂದು ರಾಜಧಾನಿಗೆ ದನದ ದೊಡ್ಡಿಗೆ ಹಾಕಿದ ಹಾಗೆ ಬೇಲಿ. ಇಟಲಿ ಸೋತ ಮೇಲೆ ಜರ್ಮನ್ನರು ಬಂದರು. ಬೇಲಿ ಹಾಗೇ ಇತ್ತು. 1945ರ ಮೇ 9ರಂದು ಊರು ಬಿಡುಗಡೆಯಾಯಿತು. ಮೂರು ವರ್ಷದ ಮೇಲೆ ಕೆಲವು ತಿಂಗಳು.

ಈಗ ಅದೇ ಬೇಲಿಯ ಜಾಡಿನಲ್ಲಿ ನಡೆಯುವ ದಾರಿ ಇದೆ. ಜಲ್ಲಿ ಹಾಸಿದ ದಾರಿ, ಎರಡೂ ಬದಿಗೆ ಸಾಲುಮರ. ಪ್ರತಿ ಮೇ ತಿಂಗಳಲ್ಲಿ ಊರಿನ ಜನ ಗುಂಪುಗುಂಪಾಗಿ ಸುತ್ತು ಬರುತ್ತಾರೆ. ಭಾನುವಾರ ಬೆಳಗ್ಗೆ ನಾವಿಬ್ಬರು, ಅಂದರೆ 'ಮಿದ್ವ', ಒಂದೆರಡು ಕಿಲೋಮೀಟರ್ ನಡೆದೆವು. ಎಲೆ ಉದುರಿದ ಮರಗಳು, ಮಂಜು. ನಾಯಿ ಹಿಡಿದುಕೊಂಡು ಓಡುವವರು. ಬೇಲಿಯ ಗುರುತಿಗೆ ಅಲ್ಲಲ್ಲಿ ಕಲ್ಲುಕಂಬ. ಒಂದು ಕಂಬಕ್ಕೆ ಯಾರೋ ಮಗುವಿನ ಕೈಗವಸು ಸಿಕ್ಕಿಸಿ ಹೋಗಿದ್ದರು. ಬಿದ್ದದ್ದು ಸಿಕ್ಕಿರಬೇಕು, ಕಳೆದುಕೊಂಡವರಿಗೆ ಕಾಣಲಿ ಅಂತ.

ಇಷ್ಟು ಹೊತ್ತು ಮುಖ್ಯವಾದದ್ದು ಹೇಳಿದೆ. ಗಡಿಯಾರ ನೋಡುತ್ತಿದ್ದೇನೆ, ಸಮಯ ಆಗುತ್ತಾ ಬಂತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ.

ಫೆಬ್ರವರಿ 8ಕ್ಕೆ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ನಗರದ ಮ್ಯೂಸಿಯಂನಲ್ಲಿ ಒಂದು ಮರದ ಚಕ್ರ ಇದೆ. ಹತ್ತಿರದ ಜೌಗು ನೆಲದಲ್ಲಿ 2002ರಲ್ಲಿ ಸಿಕ್ಕಿದ್ದು. ವಯಸ್ಸು ಐದು ಸಾವಿರ ವರ್ಷದ ಮೇಲೆ. ನೆಲದಿಂದ ನನ್ನ ಮೊಣಕಾಲಿನ ಮೇಲಕ್ಕೆ ಬರುತ್ತದೆ. ಕರ್ರಗೆ ಸುಟ್ಟ ರೊಟ್ಟಿಯ ಹಾಗಿದೆ. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿರುತ್ತದೆ, ಚಕ್ರ ತಿರುಗುತ್ತದೆ. ಇದರಲ್ಲಿ ಅಚ್ಚಿನ ತೂತು ಚೌಕ. ಹಾಗಾಗಿ ಚಕ್ರದ ಜೊತೆ ಅಚ್ಚೂ ತಿರುಗುತ್ತಿತ್ತು. ಸ್ಲೊವೀನ್ ಮಾತಾಡುವ ಜನ ಆ ನೆಲಕ್ಕೆ ಬರುವ ಎಷ್ಟೋ ಸಾವಿರ ವರ್ಷ ಮೊದಲಿನ ಗಾಡಿ ಅದು. ಕವಿಯ ಹಬ್ಬದ ದಿನ ಅದನ್ನು ನೋಡಿದ್ದು ಒಳ್ಳೆಯದೇ ಆಯಿತು.

ಚಿತ್ರಶಾಲೆಯಲ್ಲಿ ಇವಾನ್ ಗ್ರೋಹಾರ್ ಬರೆದ ಬಿತ್ತುವವನ ಚಿತ್ರ ನೋಡಿ. ಬೆಳಗಿನ ಮಂಜಿನಲ್ಲಿ ಬೀಜ ಎರಚುತ್ತ ಬರುವ ರೈತ. ಅವನು ಐದು ಸೆಂಟಿನ ನಾಣ್ಯದಲ್ಲೂ ಇದ್ದಾನೆ. ಸಂಗೀತ ಬಲ್ಲವರು ಫಿಲ್ಹಾರ್ಮೊನಿಗೆ ಹೋಗಿ. ಅದರ ಪರಂಪರೆ 1701ಕ್ಕೆ ಹೋಗುತ್ತದೆ. ಬಿಥೋವನ್ನನನ್ನು ಗೌರವ ಸದಸ್ಯನನ್ನಾಗಿ ಮಾಡಿಕೊಂಡಿದ್ದರು. ಹಳೆಯ ಸೈನ್ಯದ ಬಿಡಾರವೊಂದನ್ನು ಕಲಾವಿದರು 1993ರಲ್ಲಿ ಹಿಡಿದುಕೊಂಡು ಗೋಡೆಗೆಲ್ಲ ಬಣ್ಣ ಬಳಿದಿದ್ದಾರೆ. ಹರೆಯದವರಿಗೆ ಅದು ಇಷ್ಟ. ನಮಗೆ ಹತ್ತು ನಿಮಿಷ ಸಾಕಾಯಿತು. ಮಾಂಸ ತಿನ್ನದವರಿಗೆ ಗಿಣ್ಣಿನಂಥ ಬಿಳಿ ಹೂರಣ ತುಂಬಿದ ಶ್ತ್ರೂಕ್ಲಿ ಇದೆ, ಹುರುಳಿಯ ಹಿಟ್ಟನ್ನು ನೆನಪಿಸುವ ಕಂದು ಹಿಟ್ಟಿನ ಮುದ್ದೆ ಇದೆ. ಸಾರು ಮಾತ್ರ ಇಲ್ಲ. ಸ್ಲೊವೇನಿಯ ಶೆಂಗೆನ್ ವೀಸಾದ ವ್ಯಾಪ್ತಿಯಲ್ಲಿದೆ. ಜರ್ಮನಿಗೆ, ಆಸ್ಟ್ರಿಯಕ್ಕೆ ಮಕ್ಕಳ ಮನೆಗೆ ಅಂತ ಆ ವೀಸಾದಲ್ಲಿ ಹೋದವರು ಬೇರೆ ವೀಸಾ ಮಾಡಿಸಬೇಕಿಲ್ಲ. ಎರಡು ದಿನ ಸಾಕು. ಒಂದು ಜೊತೆ ಗಟ್ಟಿ ಬೂಟು ಬೇಕು.

ನಿಮ್ಮಲ್ಲಿ ಯಾರಾದರೂ ಹೋಗುವುದಿದ್ದರೆ, ಬೇಸಿಗೆಯಲ್ಲಿ ಹೋಗಬೇಡಿ, ಫೆಬ್ರವರಿ 8ಕ್ಕೆ ಹೋಗಿ. ಬೆಳಗ್ಗೆಯೇ ಹೋಗಿ ಕವಿಯ ಕಾಲ ಬಳಿ ನಿಂತುಕೊಳ್ಳಿ. ಹಾಲು, ಬ್ರೆಡ್ಡು ಮಾತ್ರ ಹಿಂದಿನ ದಿನವೇ ಕೊಂಡಿಟ್ಟುಕೊಳ್ಳಿ.